ಅತ್ತಿಗೆಯ ಜೋಡಿ ಪದಗಳು

ನನ್ನ ಅಣ್ಣನ ಹೆಂಡತಿ ನನ್ನ ಬಳಿ ಇಂಗ್ಲಿಷ್ ಕಲಿಯಲು ಬಂದಾಗ ಅವರಿಗೆ ನಲವತ್ತೊಂದು ವರ್ಷ. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹದಿನಾರು ವರ್ಷದಿಂದ ಅಂಗಿಯ ಕಾಲರ್ ಹೊಲಿಯುತ್ತಿದ್ದರು. ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಕಾಮಾಕ್ಷಿಪಾಳ್ಯದಲ್ಲೇ ಇದ್ದ ಅವರ ಮನೆಗೂ ನಮ್ಮ ಮನೆಗೂ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಅಲ್ಲಿಯವರೆಗೆ ನಾವಿಬ್ಬರೂ ಕೂತು ಮಾತಾಡಿದ್ದೆಂದರೆ ಹಬ್ಬಗಳಲ್ಲಿ ಮಾತ್ರ, ಅದೂ ಅಡುಗೆಮನೆಯ ಕೆಲಸದ ನಡುವೆ.

ಆ ಭಾನುವಾರ ಬೆಳಿಗ್ಗೆ ಅವರು ಅತ್ತಿಗುಪ್ಪೆಯ ನಮ್ಮ ಮನೆಗೆ ಒಬ್ಬರೇ ಬಂದರು. ಅಣ್ಣನಿಲ್ಲದೆ ಬಂದದ್ದು ಅದೇ ಮೊದಲು. ಕೈಯಲ್ಲೊಂದು ಚೀಲ, ಅದರ ತುಂಬ ಅವರೆಕಾಯಿ. ಮನೆಯಲ್ಲಿ ಏನೋ ಆಗಿದೆ ಎಂದುಕೊಂಡೆ.

"ಏನಾಯ್ತು ಅತ್ಗೆ? ಅಣ್ಣ ಎಲ್ಲಿ?"

"ಅವ್ರು ಮಲಗವ್ರೆ. ನಾನೇ ಬಂದೆ. ಒಂದು ವಿಷ್ಯ ಕೇಳ್ಬೇಕಿತ್ತು. ನಗಬಾರ್ದು."

"ನಗಲ್ಲ, ಹೇಳಿ."

"ನಮ್ಮ ಲೈನಲ್ಲಿ ಚೆಕ್ಕರ್ ಕೆಲ್ಸ ಖಾಲಿ ಆಗ್ತಾ ಇದೆ. ನೀನ್ ಮಾಡ್ತೀಯೇನಮ್ಮ ಅಂತ ಸೂಪರ್ವೈಸರ್ರು ಕೇಳಿದ್ರು. ಬಟ್ಟೆ ನೋಡೋದು ನಂಗ್ಯಾರೂ ಹೇಳ್ಕೊಡ್ಬೇಕಾಗಿಲ್ಲ. ಆದ್ರೆ ಏನ್ ತಪ್ಪಿದೆ, ಎಲ್ಲಿದೆ ಅಂತ ಶೀಟಲ್ಲಿ ಇಂಗ್ಲಿಷಲ್ಲಿ ಬರೀಬೇಕಂತೆ." ಅಷ್ಟು ಹೇಳಿ ಚೀಲದಿಂದ ಅವರೆಕಾಯಿ ತೆಗೆದು ಮೊರಕ್ಕೆ ಸುರಿದರು. "ಎಸ್ಸೆಸ್ಸೆಲ್ಸಿಲಿ ನಾನು ಫೇಲಾಗಿದ್ದೇ ಇಂಗ್ಲಿಷಲ್ಲಿ. ನಿಂಗೊತ್ತಲ್ಲ."

ನನಗೆ ಗೊತ್ತಿತ್ತು. ಅವರ ಮದುವೆಯ ಹೊಸತರಲ್ಲಿ ನಮ್ಮಮ್ಮ ಅದನ್ನು ಬಂದುಹೋದವರ ಮುಂದೆಲ್ಲ ಹೇಳುತ್ತಿದ್ದರು. ನಾನಾಗ ಬಿ.ಎ. ಓದುತ್ತಿದ್ದೆ. ಅಮ್ಮನನ್ನು ನಾನು ಒಂದು ಸಲವೂ ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಒಂದೆರಡು ಸಲ ಜೊತೆಗೆ ನಕ್ಕಿದ್ದೆ. ಅದನ್ನು ಅವರು ಮರೆತಿಲ್ಲ ಎಂಬುದು ಆ "ನಗಬಾರ್ದು" ಎಂಬ ಮಾತಿನಲ್ಲೇ ತಿಳಿಯಿತು. ನಾನು ಅವರ ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತ, "ಪ್ರತಿ ಭಾನುವಾರ ಬನ್ನಿ" ಎಂದೆ.

ಪಾಠಕ್ಕೆಂದು ನಾನೇನೂ ತಯಾರಿ ಮಾಡಿಕೊಳ್ಳಲಿಲ್ಲ. ಸ್ಕೂಲಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಪ್ರಬಂಧ ಬರೆಯಲು ಅನುಕೂಲವಾಗಲೆಂದು ಪ್ರತಿ ವರ್ಷ ಒಂದು ಜೆರಾಕ್ಸ್ ಹಾಳೆ ಹಂಚುತ್ತಿದ್ದೆ. ಅದರ ಎಡಕ್ಕೆ ಗುಣವಾಚಕಗಳು, ಬಲಕ್ಕೆ ಅವುಗಳಿಗೆ ಹೊಂದುವ ನಾಮಪದಗಳು. ಬ್ರೆತ್‌ಟೇಕಿಂಗ್ ವ್ಯೂ, ವಾರ್ಮ್ ವೆಲ್ಕಮ್, ಬಿಟರ್ ಟ್ರುತ್, ಡೀಪ್ ಸಾರೋ. ಬರಿಯ ನಾಮಪದ ಬರೆದರೆ ಸಪ್ಪೆ, ಅದರ ಹಿಂದೆ ಸರಿಯಾದ ಗುಣವಾಚಕ ಸೇರಿಸಿದರೆ ಭಾಷೆಗೆ ಕಳೆ ಬರುತ್ತದೆ ಎಂದು ಹೇಳಿಕೊಡುತ್ತಿದ್ದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಜ್ಞಾನಭಾರತಿಯ ಕ್ಯಾಂಪಸ್ಸಿಗೆ ಕರೆದುಕೊಂಡು ಹೋದರೂ ಬ್ರೆತ್‌ಟೇಕಿಂಗ್ ವ್ಯೂ, ಅಜ್ಜಿಯ ಮನೆಗೆ ಹೋದರೂ ಬ್ರೆತ್‌ಟೇಕಿಂಗ್ ವ್ಯೂ ಎಂದು ಬರೆದು ಅಂಕ ತೆಗೆದುಕೊಳ್ಳುತ್ತಿದ್ದರು. ಅದೇ ಹಾಳೆಯ ಒಂದು ಪ್ರತಿಯನ್ನು ಅತ್ತಿಗೆಗೂ ಕೊಟ್ಟೆ.

ಅವರು ಒಂದೊಂದೇ ಅಕ್ಷರ ಕೂಡಿಸಿಕೊಂಡು ಮೊದಲ ಸಾಲು ಓದಿದರು. "ಇದ್ರರ್ಥ ಏನು?"

"ಉಸಿರು ನಿಂತೇ ಹೋಗೋವಷ್ಟು ಚೆನ್ನಾಗಿರೋ ನೋಟ."

"ನಾನು ಕೂತ್ಕೊಳೋ ಜಾಗದಿಂದ ಮುಂದಿನ ಮಿಷನ್ನವಳ ಬೆನ್ನು ಕಾಣುತ್ತೆ," ಎಂದು ನಕ್ಕರು. "ಇದೆಲ್ಲ ಬೇಡ ಕಣಮ್ಮ. ನಮ್ಮ ಫ್ಲೋರಲ್ಲಿ ಬೇಕಾಗೋದು ಬೇರೆ. ಲೂಸ್‌ಥ್ರೆಡ್ಡು, ಹೊಲಿಗೆ ಬಿಟ್ಟಿದ್ರೆ ಓಪನ್‌ಸೀಮು, ಕಿತ್ತಿದ್ರೆ ಬ್ರೋಕನ್‌ಸ್ಟಿಚ್ಚು. ಅದನ್ನ ಬರೆಯೋದು ಹೆಂಗೆ ಅಂತ ಹೇಳ್ಕೊಡು."

ನಾನು ನೋಟ್‌ಬುಕ್ಕಿನಲ್ಲಿ ಲೂಸ್ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು ಥ್ರೆಡ್ ಎಂದು ಬರೆದೆ. ಅವರು ಆ ನಡುವಿನ ಜಾಗವನ್ನೇ ನೋಡುತ್ತಿದ್ದರು.

"ಇದು ಎರಡು ಪದಾನಾ?"

"ಹೂಂ. ಲೂಸ್ ಅಂದ್ರೆ ಸಡಿಲ. ಥ್ರೆಡ್ ಅಂದ್ರೆ ದಾರ."

"ಹದಿನಾರು ವರ್ಷದಿಂದ ಒಂದೇ ಪದ ಅನ್ಕೊಂಡಿದ್ದೆ ಕಣೇ. ಲೂಸ್‌ಥ್ರೆಡ್ಡು ಅಂದ್ರೆ ಕಟ್ ಮಾಡಿ ಬಿಸಾಕೋದು ಅಂತ." ಲೂಸ್ ಎಂಬುದರ ಮೇಲೆ ಬೆರಳಿಟ್ಟು ಮತ್ತೆ ಕೇಳಿದರು. "ಹಂಗಾದ್ರೆ ಲೂಸ್ ಅನ್ನೋದನ್ನ ಎತ್ಕೊಂಡು ಬೇರೆ ಕಡೆ ಹಾಕ್ಬೋದಾ? ಲೂಸ್ ಬಟನ್?"

"ಹಾಕ್ಬೋದು."

"ಲೂಸ್ ಸೂಪರ್ವೈಸರ್?"

ಇಬ್ಬರೂ ನಕ್ಕೆವು. ಒಳಗೆ ಪೇಪರ್ ಓದುತ್ತಿದ್ದ ನನ್ನ ಗಂಡ ಏನಾಯಿತೆಂದು ಎದ್ದು ಬಂದರು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಅವರ ಭುಜ ಕುಲುಕುತ್ತಲೇ ಇತ್ತು. ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಅಲ್ಲಿಂದ ಪಾಠ ಓಡತೊಡಗಿತು. ಫ್ಲೋರಿನಲ್ಲಿ ಬಾಯಿಮಾತಿಗೆ ಬಂದಿದ್ದ ನೂರಾರು ಜೋಡಿಗಳನ್ನು ಅವರು ಒಂದೊಂದಾಗಿ ಬಿಡಿಸಿ ಬೇರೆ ಬೇರೆ ಮಾಡಿದರು. ನನಗೂ ಗೊತ್ತಿಲ್ಲದ ಪದಗಳು ಅವರ ಬಳಿ ಇದ್ದವು. ಪಕ್ಕರಿಂಗ್ ಎಂಬುದನ್ನು ನಾನು ಕಲಿತದ್ದು ಅವರಿಂದಲೇ. ಮಿಷನ್ನಿನ ದಾರ ಬಿಗಿಯಾದರೆ ಹೊಲಿಗೆಯ ಉದ್ದಕ್ಕೂ ಬಟ್ಟೆ ಸಣ್ಣಗೆ ಸುಕ್ಕುಗಟ್ಟಿ ಎಳೆದುಕೊಳ್ಳುತ್ತದೆ, ಅದು ಪಕ್ಕರಿಂಗ್. ಮೂರು ತಿಂಗಳಲ್ಲಿ ಅವರಿಗೆ ಚೆಕ್ಕರ್ ಕೆಲಸ ಸಿಕ್ಕಿತು. ಆ ಭಾನುವಾರ ಬಾದುಷಾ ತಂದಿದ್ದರು. ಅಣ್ಣನೂ ಜೊತೆಗೆ ಬಂದಿದ್ದ. ಅವನು ಪೀಣ್ಯದ ಕಡೆ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಬಾದುಷಾ ತಿನ್ನುತ್ತ, "ಈಗ ಮನೇಲಿ ನನ್ ಶರ್ಟನ್ನೂ ಚೆಕ್ ಮಾಡ್ತಾಳೆ," ಎಂದ. ಅವನ ಮಟ್ಟಿಗೆ ಅದು ಹೆಂಡತಿಯನ್ನು ಹೊಗಳಿದ ಹಾಗೆ.

ಚೆಕ್ಕರ್ ತುಂಬುವ ಶೀಟಿನಲ್ಲಿ ಮೂರು ಕಾಲಂ ಇರುತ್ತದೆ ಎಂದು ಅವರು ಒಂದು ದಿನ ತೋರಿಸಿದರು. ಸಣ್ಣ ತಪ್ಪಾದರೆ ಮೈನರ್, ದೊಡ್ಡದಾದರೆ ಮೇಜರ್, ಬಟ್ಟೆ ಹಾಕಿಕೊಂಡವರಿಗೆ ಅಪಾಯವಾಗುವಂಥದ್ದಾದರೆ ಕ್ರಿಟಿಕಲ್.

"ಮೇಜರ್ ಅಂತ ಜಾಸ್ತಿ ಬರೆದ್ರೆ ಲಾಟೇ ವಾಪಸ್ ಬರುತ್ತೆ. ಹೊಲಿದೋಳನ್ನ ನಿಲ್ಲಿಸ್ಕೊಂಡು ಎಲ್ರ ಮುಂದೆ ಬೈತಾರೆ. ಅದಕ್ಕೇ ನಾನು ಆದಷ್ಟೂ ಮೈನರ್ ಅಂತಾನೇ ಬರೀತೀನಿ. ಬರೆದು ಆ ಪೀಸ್ ತಗೊಂಡು ಮೆಲ್ಲಗೆ ಆ ಹುಡುಗಿ ಹತ್ರ ಹೋಗಿ, ಇದೊಂದ್ ಸರಿಮಾಡಮ್ಮ ಅಂತೀನಿ. ಮುಗೀತು."

"ಗೊತ್ತಾದ್ರೆ ನಿಮ್ಮನ್ನ ಬೈಯಲ್ವಾ?"

"ನಾನು ಬೈಸ್ಕೊಂಡು ಬೈಸ್ಕೊಂಡು ಕಲ್ತಿದ್ದೀನಲ್ಲ. ಅವಕ್ಕೆ ಯಾಕೆ?"

ಕೆಲಸ ಸಿಕ್ಕ ಮೇಲೆ ಪಾಠ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಅವರು ಆ ಜೆರಾಕ್ಸ್ ಹಾಳೆಯನ್ನು ಮಡಿಸಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಅದನ್ನು ಹೊರತೆಗೆದು, "ಈಗ ಈ ಕಡೇದು ಹೇಳ್ಕೊಡು, ಸುಮ್ನೆ ಕಲಿಯೋಣ," ಎಂದರು. ಅವರಿಗೆ ಮಕ್ಕಳಿರಲಿಲ್ಲ. ಭಾನುವಾರದ ಬೆಳಗ್ಗೆ ಅವರದೇ ಆದ ಒಂದು ಕೆಲಸ ಅದೊಂದೇ ಇತ್ತೆಂದು ಈಗ ಅನ್ನಿಸುತ್ತದೆ.

ಹಾಳೆ ಮುಗಿದ ಮೇಲೆ ಅವರೇ ಸ್ವಂತವಾಗಿ ಜೋಡಿ ಮಾಡಿ ಬರೆದುಕೊಂಡು ಬರಲು ಶುರುಮಾಡಿದರು. ನಾನು ಸ್ಕೂಲಿನಲ್ಲಿ ಬಳಸುವ ಕೆಂಪು ಪೆನ್ನನ್ನೇ ತೆಗೆದು ತಿದ್ದುತ್ತಿದ್ದೆ. ಜೋರು ಮಳೆಗೆ ಅವರು ಸ್ಟ್ರಾಂಗ್ ರೇನ್ ಎಂದು ಬರೆದಿದ್ದರು. ಹೊಡೆದುಹಾಕಿ ಹೆವಿ ರೇನ್ ಎಂದು ಬರೆದೆ.

"ಯಾಕೆ? ಮಳೆಗೇನು ತೂಕ ಇರುತ್ತಾ?"

"ಯಾಕೆ ಅಂತಿಲ್ಲ ಅತ್ಗೆ. ಇಂಗ್ಲಿಷಲ್ಲಿ ಹಂಗೇ. ಯಾವ ಪದಕ್ಕೆ ಯಾವ ಪದ ಸೇರ್ಬೇಕು ಅಂತ ಮೊದ್ಲೇ ಗೊತ್ತಾಗಿರುತ್ತೆ."

"ಓ, ಇಲ್ಲೂ ಜಾತಕ ನೋಡೇ ಮಾಡೋದಾ!"

ಸಂಜೆ ಆರು ಗಂಟೆಯ ಹೊತ್ತಿಗೆ ಫ್ಲೋರಿನ ಟ್ಯೂಬ್‌ಲೈಟುಗಳ ಬೆಳಕಿಗೆ ಟೈರ್ಡ್ ಲೈಟ್, ದಣಿದ ಬೆಳಕು ಎಂದು ಬರೆದಿದ್ದರು. ಬೆಳಕಿಗೆ ದಣಿವಾಗುವುದಿಲ್ಲ ಎಂದು ಹೊಡೆದುಹಾಕಿದೆ. ಹೊಲಿಯುವಾಗ ಹೇಳಿದ ಮಾತು ಕೇಳುವ ಹತ್ತಿಬಟ್ಟೆಗೆ ಒಬೀಡಿಯೆಂಟ್ ಕ್ಲಾತ್ ಎಂದಿದ್ದರು. ಅದನ್ನೂ ಹೊಡೆದೆ. ಆ ಹೊತ್ತಿಗೆ ತೀರಿಕೊಂಡಿದ್ದ ನಮ್ಮಮ್ಮನ ಮೌನಕ್ಕೆ ಐರನ್ ಸೈಲೆನ್ಸ್ ಎಂದು ಬರೆದು, "ಇಸ್ತ್ರಿ ಪೆಟ್ಟಿಗೆ ಥರ, ಬಿಸಿಯಾಗಿ ಮೇಲೆ ಕೂತಿರ್ತಿತ್ತು," ಎಂದು ವಿವರಿಸಿದ್ದರು. ಅದರ ಮೇಲೂ ಕೆಂಪು ಗೆರೆ ಎಳೆದೆ. ಅವರೆಂದೂ ಬೇಸರ ಮಾಡಿಕೊಳ್ಳಲಿಲ್ಲ. "ಸರಿ ಮಿಸ್," ಎಂದು ಮಕ್ಕಳ ಹಾಗೆ ಹೇಳಿ ನಾನು ಬರೆದದ್ದನ್ನು ಕೆಳಗೆ ಮೂರು ಸಲ ಬರೆಯುತ್ತಿದ್ದರು. ಅವು ತಪ್ಪಲ್ಲ, ಅವರು ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು ಎಂದು ಆಗ ನನಗೆ ಹೊಳೆಯಲಿಲ್ಲ. ನಾನು ಪರೀಕ್ಷೆಗೆ ತಯಾರು ಮಾಡುವವಳು. ತಿದ್ದುವುದೇ ನನ್ನ ಅಭ್ಯಾಸ.

ಹೀಗೆ ಒಂದೂವರೆ ವರ್ಷ ನಡೆಯಿತು.

ನನ್ನನ್ನು ಇವತ್ತಿಗೂ ಬಿಡದೆ ಕಾಡುವ ಸಂಗತಿ ನಡೆದದ್ದು ಆಮೇಲೆ, ಒಂದು ಮಾರ್ಚ್ ತಿಂಗಳಲ್ಲಿ. ಅತ್ತಿಗೆಗೆ ಕೆಲವು ವಾರಗಳಿಂದ ಹೊಟ್ಟೆನೋವು. ಊಟವಾದ ಮೇಲೆ ಮೇಲುಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹೋಗುತ್ತದೆ ಎಂದು ಅಣ್ಣನಿಗೆ ಹೇಳಿದ್ದರಂತೆ. ಅಣ್ಣನ ಬಲವಂತಕ್ಕೆ ಒಂದು ಶನಿವಾರ ಮನೆಯ ಹತ್ತಿರದ ಆಸ್ಪತ್ರೆಗೆ ಹೋಗುವುದೆಂದಾಯಿತು. ಹಿಂದಿನ ದಿನ ನನಗೆ ಫೋನ್ ಮಾಡಿದರು.

"ಅಲ್ಲಿ ಡಾಕ್ಟ್ರು ಹೊಸಬ್ರಂತೆ. ಕನ್ನಡ ಬರಲ್ವಂತೆ. ನಾಳೆ ನೀನು ಬರ್ತೀಯಾ?"

ನಮ್ಮ ಸ್ಕೂಲಿನಲ್ಲಿ ಪ್ರಿಪರೇಟರಿ ಪರೀಕ್ಷೆ ಮುಗಿದಿತ್ತು. ನನ್ನ ಟೇಬಲ್ ಮೇಲೆ ಎರಡು ಸೆಕ್ಷನ್ನಿನ ಉತ್ತರಪತ್ರಿಕೆ ಇತ್ತು. ಸೋಮವಾರ ಅಂಕ ಕೊಡಬೇಕಿತ್ತು. "ಅತ್ಗೆ, ನಾಳೆ ಆಗಲ್ಲ ಕಣ್ರೀ. ಆದ್ರೆ ನನ್ನ ಯಾಕೆ ಕರೀತೀರ? ನಿಮಗೇ ಇಂಗ್ಲಿಷ್ ಬರುತ್ತಲ್ಲ. ಧೈರ್ಯವಾಗಿ ನೀವೇ ಮಾತಾಡಿ," ಎಂದೆ.

"ಆಗುತ್ತಾ ನನ್ನ ಕೈಲಿ?"

"ಯಾಕಾಗಲ್ಲ?"

ಶನಿವಾರ ಮಧ್ಯಾಹ್ನ ಅವರೇ ಮತ್ತೆ ಫೋನ್ ಮಾಡಿದರು. ದನಿಯಲ್ಲಿ ಸಂತೋಷ ತುಳುಕುತ್ತಿತ್ತು.

"ಎಲ್ಲಾ ನಾನೇ ಮಾತಾಡ್ದೆ ಕಣೇ! ಇವ್ರು ಪಕ್ಕದಲ್ಲಿ ಬಾಯಿ ಬಿಟ್ಕೊಂಡು ನೋಡ್ತಾ ಕೂತಿದ್ರು. ಪೇನ್ ಹೆಂಗಿದೆ ಅಂತ ಕೇಳಿದ್ರು. ಮೈನರ್ ಪೇನ್ ಡಾಕ್ಟರ್, ಓನ್ಲಿ ಮೈನರ್ ಪೇನ್ ಅಂದೆ. ಸರಿನಾ?"

ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ಮುಂದೆ ಯಾರದೋ ಪ್ರಬಂಧ. ನಾನು ಕೇಳಿಸಿಕೊಂಡದ್ದು ಆ ಎರಡು ಪದಗಳ ಜೋಡಿ ಸರಿಯಾಗಿದೆಯೇ ಎಂಬುದನ್ನಷ್ಟೆ.

"ಭೇಷ್ ಅತ್ಗೆ," ಎಂದೆ. "ಕರೆಕ್ಟಾಗಿ ಹೇಳಿದೀರ."

ಡಾಕ್ಟರು ಗ್ಯಾಸಿಗೆ ಮಾತ್ರೆ ಬರೆದುಕೊಟ್ಟು, ಕಡಿಮೆಯಾಗದಿದ್ದರೆ ಹದಿನೈದು ದಿನ ಬಿಟ್ಟು ಬರಲು ಹೇಳಿದ್ದರು. ಮಾತ್ರೆ ನುಂಗಿದರು. ಮತ್ತೆ ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಬೇಸಿಗೆ ರಜೆ ಎಂದು ನಮ್ಮ ಭಾನುವಾರಗಳೂ ತಪ್ಪಿದವು. ಕೇಳಿದಾಗಲೆಲ್ಲ "ಪರ್ವಾಗಿಲ್ಲ ಕಣಮ್ಮ" ಎಂಬ ಉತ್ತರ ಬರುತ್ತಿತ್ತು.

ಜುಲೈನಲ್ಲಿ ಕೆಂಗೇರಿಯ ಒಂದು ಛತ್ರದಲ್ಲಿ ನೆಂಟರ ಮದುವೆ. ಅಲ್ಲಿ ಅತ್ತಿಗೆಯನ್ನು ಹಿಂದಿನಿಂದ ನೋಡಿ ನನಗೆ ಗುರುತೇ ಸಿಗಲಿಲ್ಲ. ಹತ್ತಿರ ಹೋದಾಗ ಕಂಡದ್ದು ರೇಷ್ಮೆ ರವಿಕೆಯ ಎರಡೂ ಪಕ್ಕೆಯಲ್ಲಿ ಹೊಸದಾಗಿ ಹಾಕಿದ ಹೊಲಿಗೆ. ಒಂದರ ಪಕ್ಕ ಒಂದು, ಮೂರು ಸಾಲು. ಮೈ ಇಳಿದ ಹಾಗೆಲ್ಲ ಅವರು ಒಂದೊಂದು ಸಾಲು ಹಿಡಿದುಕೊಂಡು ಬಂದಿದ್ದರು. ಅಷ್ಟು ಅಚ್ಚುಕಟ್ಟಾದ ಹೊಲಿಗೆ, ನೋಡಿದವರಿಗೆ ಗೊತ್ತಾಗುವ ಹಾಗಿರಲಿಲ್ಲ. ಮುಖ ತಿರುಗಿಸಿದಾಗ ಕಣ್ಣಿನ ಬಿಳಿಯಲ್ಲಿ ಅರಿಸಿನ. ಊಟದ ಪಂಕ್ತಿಯಲ್ಲಿ ಅವರು ಅನ್ನ ಕಲಸಿಟ್ಟು ಹಾಗೇ ಎದ್ದುಬಿಟ್ಟರು. ನಾನು ಅಲ್ಲಿಯೇ ಅಣ್ಣನ ಕೈ ಹಿಡಿದು, "ನಾಳೆನೇ ದೊಡ್ಡಾಸ್ಪತ್ರೆಗೆ ಹೋಗೋಣ, ನಾನು ರಜಾ ಹಾಕ್ತೀನಿ," ಎಂದೆ.

ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಯಕೃತ್ತಿಗೂ ಹರಡಿತ್ತು. ಹೇಳಿದವರು ಒಬ್ಬ ಹಿರಿಯ ಡಾಕ್ಟರಮ್ಮ. ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಅಣ್ಣ ಎದ್ದು ಹೊರಗೆ ಹೋದ ಮೇಲೆ ನಾನು ಕೇಳಿದೆ.

"ಡಾಕ್ಟ್ರೇ, ಮಾರ್ಚಲ್ಲೇ ಬಂದಿದ್ರೆ?"

ಅವರು ನನ್ನ ಮುಖ ನೋಡಿದರು. "ಈ ಕಾಯಿಲೇಲಿ ಅದನ್ನ ಹೇಳೋಕಾಗಲ್ಲಮ್ಮ. ಆಗ್ಲೇ ಹರಡಿರಬಹುದಿತ್ತು. ಇಲ್ದೇನೂ ಇರಬಹುದಿತ್ತು. ಅದನ್ನ ಯೋಚಿಸ್ತಾ ಕೂರ್ಬೇಡಿ."

ಯೋಚಿಸದೆ ಇರಲು ನನ್ನಿಂದ ಆಗಲಿಲ್ಲ. ಆಪರೇಷನ್ ಮಾಡುವ ಹಂತ ದಾಟಿತ್ತು. ಕಾಮಾಲೆ ಇಳಿಯಲೆಂದು ಒಂದು ಸಣ್ಣ ಕೊಳವೆ ಹಾಕಿದರು, ಮೂರು ಸಲ ಕೀಮೋ ಕೊಟ್ಟರು. ನಾಲ್ಕನೆಯದನ್ನು ಅವರ ಮೈ ತಡೆಯುವುದಿಲ್ಲವೆಂದು ನಿಲ್ಲಿಸಿದರು. ಆಮೇಲೆ ಉಳಿದದ್ದು ನೋವು ಕಡಿಮೆ ಮಾಡುವ ಕೆಲಸವೊಂದೇ. ನಾನು ಸ್ಕೂಲು ಮುಗಿಸಿ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುತ್ತಿದ್ದೆ. ಅಣ್ಣ ಬೆಳಗಿನಿಂದ ಇದ್ದವನು ನಾನು ಹೋದ ಮೇಲೆ ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದ.

ಒಂದು ಸಂಜೆ ಅವನು ಹೋದ ಮೇಲೆ ನಾನು ಬಾಯಿಬಿಟ್ಟೆ.

"ಅವತ್ತು ನಾನು ಬರ್ಬೇಕಿತ್ತು ಅತ್ಗೆ. ಪೇಪರ್ ಕಟ್ಟು ಇಟ್ಕೊಂಡು ಕೂತ್ಕೊಂಡೆ. ನೀವು ಮೈನರ್ ಪೇನ್ ಅಂದಿದ್ದಕ್ಕೆ ಭೇಷ್ ಬೇರೆ ಅಂದೆ."

ಅವರು ಕಣ್ಣು ಮುಚ್ಚಿಕೊಂಡೇ ಇದ್ದರು.

"ನನ್ ನೋವು ಹೆಂಗಿದೆ ಅಂತ ನಿಂಗೆ ಹೆಂಗೆ ಗೊತ್ತಾಗ್ಬೇಕು?" ಎಂದರು. "ಅವತ್ತು ನಂಗೆ ಅದು ಮೈನರ್ ಅಂತ ಅನ್ಸಿರ್ಲಿಲ್ಲ ಕಣೇ. ಹಿಂದಿನ ದಿನ ಕೆಲ್ಸ ಬಿಟ್ಟು ಮನೆಗೆ ನಡೀತಾ ಎರಡು ಕಡೆ ಕೂತ್ಕೊಂಡಿದ್ದೆ. ಆದ್ರೆ ಮೇಜರ್ ಅಂದ್ರೆ ಏನಾಗುತ್ತೆ? ಟೆಸ್ಟ್ ಮಾಡ್ಸು, ರಜಾ ಹಾಕು ಅಂತಾರೆ. ಇವ್ರು ಪಕ್ಕದಲ್ಲೇ ಕೂತಿದ್ರು, ಗಾಬರಿ ಆಗ್ತಾರೆ. ಸಣ್ಣದು ಅಂತ ಬರೆದು, ಆಮೇಲೆ ಮೆಲ್ಲಗೆ ಸರಿಮಾಡ್ಕೊಳ್ಳೋಣ ಅನ್ಕೊಂಡೆ."

ಲೈನಿನಲ್ಲಿ ಯಾರಿಗೂ ಬೈಗುಳ ಬೀಳದ ಹಾಗೆ ನೋಡಿಕೊಂಡು ಬಂದ ಹೆಂಗಸು ತನ್ನ ಮೈಯ ವಿಷಯದಲ್ಲೂ ಹಾಗೇ ಮಾಡಿದ್ದರು. ಅವರ ಕಾಲು ಒತ್ತುತ್ತ ಕೂತೆ. ಅವರೇ ಮತ್ತೆ ಹೇಳಿದರು. "ಇವ್ರ ಹತ್ರ ಇದೆಲ್ಲ ಹೇಳ್ಬೇಡ. ಅವ್ರಿಗೆ ಆ ಪದದ ಅರ್ಥ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ನಾನು ಇವತ್ತಿನವರೆಗೂ ಹೇಳಿಲ್ಲ.

ನೋವು ದಿನದಿನಕ್ಕೂ ಜಾಸ್ತಿಯಾಯಿತು. ಔಷಧಿ ಕೊಟ್ಟರೂ ಒಂದು ಥರದ ನೋವು ಮಾತ್ರ ಕೇಳುತ್ತಿರಲಿಲ್ಲ. ನರ್ಸ್ ಬಂದು ಹತ್ತರಲ್ಲಿ ಎಷ್ಟು ಎಂದು ಕೇಳುತ್ತಿದ್ದಳು. ಅತ್ತಿಗೆ ಆರು ಎನ್ನುತ್ತಿದ್ದರು, ಏಳು ಎನ್ನುತ್ತಿದ್ದರು. ಅವರಿಗೆ ಆ ನಂಬರಿನಲ್ಲಿ ನಂಬಿಕೆ ಇರಲಿಲ್ಲ. ಒಂದು ಮಧ್ಯಾಹ್ನ ರೌಂಡ್ಸಿಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವರಿಗೂ ಕನ್ನಡ ಅಷ್ಟಕ್ಕಷ್ಟೆ. ಅವತ್ತು ಸರ್ಕಾರಿ ರಜೆ, ಹಾಗಾಗಿ ನಾನು ಅಲ್ಲೇ ಇದ್ದೆ.

"ಯಾವ ಥರ ಪೇನ್, ಅಮ್ಮ?" ಎಂದು ಕೇಳಿ ಒಂದೊಂದೇ ಹೆಸರಿಸಿದರು. "ಬರ್ನಿಂಗ್ ಪೇನ್? ಉರಿ? ಸ್ಟ್ಯಾಬಿಂಗ್ ಪೇನ್? ಚುಚ್ಚೋದು? ಡಲ್ ಪೇನ್?"

ಪ್ರತಿಯೊಂದಕ್ಕೂ ಅತ್ತಿಗೆ ತಲೆಯಾಡಿಸಿ ಅಲ್ಲ ಎಂದರು. ಇನ್ನೇನು ಡಾಕ್ಟರು ಏಳಬೇಕು, ಆಗ ಹೇಳಿದರು.

"ಪಕ್ಕರಿಂಗ್ ಪೇನ್, ಡಾಕ್ಟರ್."

ಡಾಕ್ಟರಿಗೆ ಅರ್ಥವಾಗಲಿಲ್ಲ, ನನ್ನ ಕಡೆ ನೋಡಿದರು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಸೂಜಿ ಚುಚ್ಚಿದ್ದ ಕೈಯಿಂದಲೇ ಆಸ್ಪತ್ರೆಯ ಹೊದಿಕೆಯ ಅಂಚು ಹಿಡಿದರು. ಅಲ್ಲಿ ಹೊಲಿಗೆ ಬಿಚ್ಚಿ ಒಂದು ದಾರ ಹೊರಗೆ ಬಂದಿತ್ತು. ಅದರ ತುದಿಯನ್ನು ಉಗುರಿನಲ್ಲಿ ಹಿಡಿದು ಮೆಲ್ಲಗೆ ಎಳೆದರು. ಬಟ್ಟೆ ಸಾಲಾಗಿ ಸುಕ್ಕುಗಟ್ಟುತ್ತ ಒಂದರ ಮೇಲೊಂದು ಒತ್ತಿಕೊಂಡಿತು.

"ಹಿಂಗೆ," ಎಂದರು. "ದಾರ ಟೈಟ್ ಆದಾಗ. ಹೊಟ್ಟೆ ಅಲ್ಲ, ಬ್ಯಾಕ್ ಸೈಡ್. ಬೆನ್ನಿಂದ ಯಾರೋ ದಾರ ಎಳೀತಾರೆ, ಒಳಗೆಲ್ಲ ಹಿಂಗಾಗುತ್ತೆ. ಅವ್ರು ಬಿಟ್ರೆ ಬಿಡುತ್ತೆ. ಮತ್ತೆ ಎಳೀತಾರೆ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಬಗ್ಗಿ ಆ ಸುಕ್ಕುಗಳನ್ನೇ ಸ್ವಲ್ಪ ಹೊತ್ತು ನೋಡಿದರು. ನಂತರ ಬೆನ್ನಿನ ಯಾವ ಜಾಗ, ಮಲಗಿದಾಗ ಜಾಸ್ತಿಯೋ ಮುಂದಕ್ಕೆ ಬಾಗಿ ಕೂತಾಗ ಕಡಿಮೆಯೋ ಎಂದು ವಿಚಾರಿಸಿದರು. ಅದು ನರಕ್ಕೆ ಸಂಬಂಧಿಸಿದ ನೋವಿರಬೇಕು, ಅದಕ್ಕೆ ಬೇರೆ ಔಷಧಿ ಇದೆ ಎಂದು ನನಗೆ ಹೇಳಿ, ಹಿರಿಯ ಡಾಕ್ಟರಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದರು. ಹೋಗುವ ಮುಂಚೆ ತಮ್ಮ ಕೈಲಿದ್ದ ಹಾಳೆಯಲ್ಲಿ ಆ ಪದವನ್ನು ಹೇಗೆ ಬರೆಯುವುದೆಂದು ಅತ್ತಿಗೆಯನ್ನೇ ಕೇಳಿದರು. ಅತ್ತಿಗೆ ಒಂದೊಂದೇ ಅಕ್ಷರ ಹೇಳಿದರು. ಒಂದೂ ತಪ್ಪಿರಲಿಲ್ಲ.

ಔಷಧಿ ಬದಲಾದ ಮೂರನೇ ದಿನ ಅವರು ಮಧ್ಯಾಹ್ನ ನಾಲ್ಕು ಗಂಟೆ ಕಾಲ ಒಂದೇ ಸಮ ನಿದ್ದೆ ಮಾಡಿದರು. ಅಣ್ಣ ಪಕ್ಕದಲ್ಲಿ ಕೂತು ಅವರ ಉಸಿರನ್ನೇ ನೋಡುತ್ತಿದ್ದ. ನಾನು ಹೋದಾಗ ಬೆರಳು ಬಾಯಿಗೆ ಇಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದ. ಅಷ್ಟು ದಿನಗಳ ನಂತರ ಅವನ ಮುಖದಲ್ಲಿ ನಗೆಯಂಥದ್ದೇನೋ ಕಂಡಿತು.

ಆ ನೆಮ್ಮದಿ ಮೂರು ವಾರ ಉಳಿಯಿತು. ಮನೆಗೆ ಕರೆದುಕೊಂಡು ಬಂದೆವು. ಅವರಿಗೆ ಇಷ್ಟವೆಂದು ಅಣ್ಣ ಬಾಗಿಲ ಬಳಿ ಹಾಸಿಗೆ ಹಾಕಿದ. ಬೀದಿಯಲ್ಲಿ ಹೋಗುವವರ ಬಟ್ಟೆ ನೋಡುತ್ತ ಮಲಗಿರುತ್ತಿದ್ದರು. ಲೈನಿನ ಹುಡುಗಿಯರು ಶಿಫ್ಟ್ ಮುಗಿಸಿಕೊಂಡು ಇಬ್ಬಿಬ್ಬರು ಬಂದು ಹೋಗುತ್ತಿದ್ದರು. ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ನಾನು ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದಾಗ, ಅಣ್ಣನ ಫೋನ್ ಬಂತು. "ಬಾ" ಎಂದಷ್ಟೇ ಅಂದ.

ಹನ್ನೊಂದನೇ ದಿನದ ಕಾರ್ಯಕ್ಕೆ ಫ್ಲೆಕ್ಸ್ ಹಾಕಿಸಬೇಕೆಂದು ಬೀದಿಯವರು ಹೇಳಿದರು. ಅಣ್ಣನೂ ನಾನೂ ಮಾಗಡಿ ರಸ್ತೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಕಂಪ್ಯೂಟರಿನಲ್ಲಿ ಅತ್ತಿಗೆಯ ಫೋಟೊ ಕೂರಿಸಿದ. ಅದರ ಮೇಲೆ ಆಗಲೇ ದೊಡ್ಡಕ್ಷರದಲ್ಲಿ ಭಾವಪೂರ್ಣ ಶ್ರದ್ಧಾಂಜಲಿ ಎಂದು ಬಂದಿತ್ತು.

"ಇದು ಎಲ್ರಿಗೂ ಹಾಕೋದು ಮೇಡಂ. ಬೇರೆ ಏನಾದ್ರೂ ಬೇಕಾ? ಕಣ್ಣೀರಿನ ವಿದಾಯ, ಅಕ್ಷರ ನಮನ, ಎಲ್ಲಾ ಇದೆ."

ಅಣ್ಣ ನನ್ನ ಕಡೆ ತಿರುಗಿದ. "ನೀನು ಟೀಚರ್ರು. ನೀನೇ ಒಂದು ಒಳ್ಳೆ ಮಾತು ಹೇಳು. ಅವಳ ಹೆಸರಿನ ಹಿಂದೆ ಹಾಕೋಕೆ."

ಇಪ್ಪತ್ತು ವರ್ಷ ಮಕ್ಕಳಿಗೆ ಗುಣವಾಚಕ ಕಲಿಸಿದವಳು ನಾನು. ಕಂಪ್ಯೂಟರಿನ ಮುಂದೆ ಸುಮಾರು ಹೊತ್ತು ನಿಂತೆ. ಬಾಯಿಗೆ ಬಂದ ಪ್ರತಿಯೊಂದು ಪದವನ್ನೂ ಬೇರೆ ಯಾರಿಗೋ ಎಲ್ಲೋ ಹಾಕಿದ್ದನ್ನು ನೋಡಿದ್ದೆ. ಮಮತಾಮಯಿ, ಸಹೃದಯಿ, ಕರುಣಾಳು. ಅಂಗಡಿಯವನು ಕಾಯುತ್ತಿದ್ದ.

"ನಂಗೆ ಹೊಳೀತಿಲ್ಲ ಅಣ್ಣ," ಎಂದೆ.

ಅಣ್ಣ ಸ್ವಲ್ಪ ಯೋಚಿಸಿ, "ಹೆಸರಿನ ಕೆಳಗೆ ಚೆಕ್ಕರ್ ಅಂತ ಹಾಕಪ್ಪ," ಎಂದ. "ಮೇಲೆ ಏನೂ ಬೇಡ. ಅದನ್ನ ತೆಗೆದ್ಬಿಡು."

ಫ್ಲೆಕ್ಸಿನಲ್ಲಿ ಹಾಗೆ ಯಾರೂ ಹಾಕಿಸುವುದಿಲ್ಲ ಎಂದು ಅಂಗಡಿಯವನು ಎರಡು ಸಲ ಹೇಳಿದ. ಅಣ್ಣ ಕೇಳಲಿಲ್ಲ. ಬೀದಿಯ ತುದಿಯಲ್ಲಿ ಲೈಟುಕಂಬಕ್ಕೆ ಅದನ್ನು ಕಟ್ಟಿದಾಗ ನೆಂಟರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಲೈನಿನ ಹುಡುಗಿಯರು ಮಾತ್ರ ಅದರ ಕೆಳಗೆ ನಿಂತು ಫೋನಿನಲ್ಲಿ ಫೋಟೊ ತೆಗೆದುಕೊಂಡು ಹೋದರು.

ಇದಾಗಿ ಒಂದು ವರ್ಷದ ಮೇಲಾಯಿತು. ಆ ಜೆರಾಕ್ಸ್ ಹಾಳೆಯನ್ನು ನಾನು ಈಗ ಹಂಚುವುದಿಲ್ಲ. ಅದಿಲ್ಲದೆ ಮಕ್ಕಳು ಹೇಗೆ ಬರೆಯುತ್ತಾರೆಂದು ಹೆಡ್‌ಮೇಡಂ ಕೇಳಿದರು, ಬರೀತಾರೆ ಎಂದೆ. ಕೆಲವರು ಬರೆಯುತ್ತಾರೆ, ಕೆಲವರ ಅಂಕ ಕಡಿಮೆಯಾಗಿದೆ.

ಭಾನುವಾರಗಳಲ್ಲಿ ಈಗ ನಾನೇ ಕಾಮಾಕ್ಷಿಪಾಳ್ಯಕ್ಕೆ ಹೋಗುತ್ತೇನೆ. ಅಣ್ಣ ಅಡುಗೆ ಕಲಿತಿದ್ದಾನೆ. ನಾನು ಮಾಡುತ್ತೇನೆಂದರೆ ಬಿಡುವುದಿಲ್ಲ. ಕುಕ್ಕರ್ ಕೂಗುವವರೆಗೂ ಅದರ ಮುಂದೆಯೇ ನಿಂತಿರುತ್ತಾನೆ. ಇಬ್ಬರೂ ನೆಲದ ಮೇಲೆ ಕೂತು ಉಣ್ಣುತ್ತೇವೆ.

ಹೋದ ವಾರ ಸೊಪ್ಪಿನ ಸಾರು ಮಾಡಿದ್ದ. ನಾನು ಎರಡು ತುತ್ತು ತಿಂದ ಮೇಲೆ ಕೇಳಿದ.

"ಹೆಂಗಿದೆ?"

"ಚೆನ್ನಾಗಿದೆ."

ಅವನು ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದ. "ಸುಮ್ನೆ ಹೇಳ್ಬೇಡ. ಹೆಂಗಿದೆ ಹೇಳು."

"ಉಪ್ಪು ಕಮ್ಮಿ. ಬೇಳೆ ಇನ್ನೂ ಬೇಯ್ಬೇಕಿತ್ತು."

"ಹೂಂ. ನಂಗೂ ಹಂಗೇ ಅನ್ನಿಸ್ತು," ಎಂದು ಎದ್ದುಹೋಗಿ ಉಪ್ಪಿನ ಡಬ್ಬಿ ತಂದು ನಮ್ಮಿಬ್ಬರ ನಡುವೆ ಇಟ್ಟ.